ಉಕ್ಕು ಕೊರೆಯುವ ಕಿಡಿ

ಹಳೆಯ ಸ್ಕೂಟರುಗಳನ್ನು ಓಡಿಸಿದವರು ‘ಪಾಯಿಂಟ್’ ಎಂಬ ಮಾತನ್ನು ಮರೆತಿರಲಾರರು. ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಪ್ಲಗ್ ಬಿಚ್ಚುತ್ತಿದ್ದ, ಆಮೇಲೆ ಪಾಯಿಂಟ್ ನೋಡುತ್ತಿದ್ದ. ಎಂಜಿನ್ ತಿರುಗುವಾಗ ಒಂದನ್ನೊಂದು ಕೂಡುತ್ತ ಬಿಡುತ್ತ ಇರುವ ಎರಡು ಪುಟ್ಟ ಲೋಹದ ತುಂಡುಗಳು ಅವು. ಬಿಟ್ಟಾಗಲೆಲ್ಲ ಅವುಗಳ ನಡುವೆ ಸಣ್ಣದೊಂದು ಕಿಡಿ ಹಾರುತ್ತದೆ. ತಿಂಗಳುಗಟ್ಟಲೆ ಹೀಗೆ ಕಿಡಿ ಹಾರಿ ಹಾರಿ ಒಂದರ ಮೇಲೆ ಕುಳಿ ಬೀಳುತ್ತದೆ, ಇನ್ನೊಂದರ ಮೇಲೆ ಗುಡ್ಡೆ ಏಳುತ್ತದೆ. ಮೆಕ್ಯಾನಿಕ್ ಉಪ್ಪುಕಾಗದದಿಂದ ಉಜ್ಜಿ ಮಟ್ಟ ಮಾಡಿಕೊಟ್ಟರೆ ಗಾಡಿ ಮತ್ತೆ ಹೊರಡುತ್ತಿತ್ತು.

ಕಿಡಿ ಲೋಹವನ್ನು ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ. ಸ್ಕೂಟರಿನಲ್ಲಿ ತಲೆನೋವಾಗಿದ್ದ ಈ ಗುಣವನ್ನೇ ದುಡಿಮೆಗೆ ಹಚ್ಚಿಕೊಂಡ ಯಂತ್ರವೊಂದಿದೆ. ಪುಸ್ತಕದಲ್ಲಿ ಅದರ ಹೆಸರು ‘ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮಷೀನಿಂಗ್’, ಚಿಕ್ಕದಾಗಿ ಇ.ಡಿ.ಎಂ. ಟೂಲ್ ರೂಮುಗಳ ಆಡುಮಾತಿನಲ್ಲಿ ಅದು ‘ಸ್ಪಾರ್ಕ್ ಇರೋಷನ್’. ಮನೆಯ ಪ್ಲಾಸ್ಟಿಕ್ ಬಕೆಟ್, ಬಾಟಲಿಯ ಮುಚ್ಚಳ, ಗೋಡೆಯ ಸ್ವಿಚ್ಚು, ಮಕ್ಕಳ ಆಟಿಕೆ, ಮೊಬೈಲ್ ಫೋನಿನ ಹೊರಕವಚ ಎಲ್ಲವೂ ಉಕ್ಕಿನ ಅಚ್ಚುಗಳಿಂದ ಹುಟ್ಟುತ್ತವೆ. ಆ ಅಚ್ಚುಗಳ ಚೂಪು ಮೂಲೆಗಳನ್ನೂ ಆಳವಾದ ಸಂದುಗಳನ್ನೂ ಕೊರೆಯುವ ಕೆಲಸ ಬಹುಮಟ್ಟಿಗೆ ಈ ಕಿಡಿಯದು.

ಆದರೆ ಕಿಡಿಯನ್ನು ದುಡಿಸಿಕೊಳ್ಳುವುದು ಸುಲಭವಲ್ಲ. ಅದನ್ನು ಹೊತ್ತಿಸುವುದು ಒಂದು ಪಾಲು ಕಷ್ಟವಾದರೆ, ಹೊತ್ತಿದ್ದನ್ನು ಸಮಯಕ್ಕೆ ಸರಿಯಾಗಿ ಆರಿಸುವುದು ಮೂರು ಪಾಲು ಕಷ್ಟ. ಈ ಯಂತ್ರದ ಚರಿತ್ರೆಯೆಂದರೆ ಬಹುಪಾಲು ಕಿಡಿ ಆರಿಸುವುದನ್ನು ಕಲಿತ ಚರಿತ್ರೆಯೇ.

ಗಟ್ಟಿಗೆ ಗಟ್ಟಿ ಬೇಕಿಲ್ಲ

ಲೇತ್ ಇರಲಿ, ಮಿಲ್ಲಿಂಗ್ ಇರಲಿ, ಡ್ರಿಲ್ ಇರಲಿ, ಎಲ್ಲಕ್ಕೂ ನಿಯಮ ಒಂದೇ: ಕತ್ತರಿಸುವ ಉಳಿ ಕತ್ತರಿಸಿಕೊಳ್ಳುವ ಲೋಹಕ್ಕಿಂತ ಗಟ್ಟಿಯಾಗಿರಬೇಕು. ಅಚ್ಚಿನ ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ, ತಣಿಸಿ ಹದಗೊಳಿಸಿದ ಮೇಲೆ ಅದು ಎಷ್ಟು ಗಟ್ಟಿಯಾಗುತ್ತದೆಂದರೆ ಮಾಮೂಲಿ ಉಳಿ ಅದರ ಮೇಲೆ ಜಾರುತ್ತದೆ, ಇಲ್ಲವೇ ಮುರಿಯುತ್ತದೆ. ಮೊದಲೇ ಕೊರೆದು ಆಮೇಲೆ ಹದಗೊಳಿಸೋಣವೆಂದರೆ ಕುಲುಮೆಯ ಬಿಸಿಗೆ ಅಚ್ಚು ಸೊಟ್ಟಗಾಗುವ ಭಯ.

ಕಿಡಿಗೆ ಈ ಗಟ್ಟಿ–ಮೆತ್ತಗಿನ ಭೇದವಿಲ್ಲ. ಅದು ಲೋಹವನ್ನು ಕೆತ್ತುವುದಿಲ್ಲ, ಕರಗಿಸುತ್ತದೆ. ಹದಗೊಳಿಸಿದ ಉಕ್ಕೂ ಒಂದೇ, ಉಳಿಯ ಮೊನೆಗೆ ಬಳಸುವ ಟಂಗ್‌ಸ್ಟನ್ ಕಾರ್ಬೈಡೂ ಒಂದೇ. ವಸ್ತುವಿನ ಮೂಲಕ ವಿದ್ಯುತ್ ಹರಿದರೆ ಸಾಕು. ಹರಿಯದ ಗಾಜಿನಂಥ ವಸ್ತುಗಳ ಮುಂದೆ ಮಾತ್ರ ಅದರ ಆಟ ನಡೆಯದು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚನ್ನು ನೆನಪಿಸಿಕೊಂಡರೆ ಕೆಲಸದ ಕ್ರಮ ತಿಳಿಯುತ್ತದೆ. ಅಚ್ಚಿನಲ್ಲಿ ಆನೆಯ ಆಕಾರದ ಕುಳಿ ಇದ್ದರೆ ಸಕ್ಕರೆ ಆನೆಯಾಗಿ ಹೊರಬರುತ್ತದೆ. ಉಕ್ಕಿನಲ್ಲಿ ಅಂಥ ಕುಳಿ ಬೇಕಾದರೆ ಮೊದಲು ಮೆತ್ತನೆಯ ತಾಮ್ರದಲ್ಲಿ ಅಥವಾ ಗ್ರಾಫೈಟಿನಲ್ಲಿ ಆನೆಯನ್ನು ಕಡೆದುಕೊಳ್ಳುತ್ತಾರೆ. ಇದೇ ‘ಎಲೆಕ್ಟ್ರೋಡ್’. ಅದನ್ನು ಯಂತ್ರದ ತಲೆಗೆ ಕಟ್ಟಿ, ಉಕ್ಕಿನ ತುಂಡನ್ನು ಎಣ್ಣೆ ತುಂಬಿದ ತೊಟ್ಟಿಯಲ್ಲಿಟ್ಟು, ಎರಡಕ್ಕೂ ವಿದ್ಯುತ್ ಸಂಪರ್ಕ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಎಲೆಕ್ಟ್ರೋಡು ಉಕ್ಕನ್ನು ಎಲ್ಲಿಯೂ ಮುಟ್ಟುವುದಿಲ್ಲ. ಆದರೂ ಗಂಟೆಗಳ ನಂತರ ನೋಡಿದರೆ ಉಕ್ಕಿನಲ್ಲಿ ಆನೆಯ ಪಡಿಯಚ್ಚು ಮೂಡಿರುತ್ತದೆ.

ಯುದ್ಧಕಾಲದ ತೊಂದರೆ

ಕಿಡಿ ಲೋಹದ ಮೇಲೆ ಗುರುತು ಬಿಡುವುದು ಹೊಸ ಸಂಗತಿಯೇನೂ ಅಲ್ಲ. ಆಮ್ಲಜನಕದ ಸಂಶೋಧನೆಗೆ ಹೆಸರಾದ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1760ರ ದಶಕದಲ್ಲಿಯೇ ಇದನ್ನು ಗಮನಿಸಿದ್ದರು. ಅದನ್ನು ಯಂತ್ರವಾಗಿಸಲು ಮಾತ್ರ ಎರಡನೇ ಮಹಾಯುದ್ಧವೇ ಬರಬೇಕಾಯಿತು.

ಯುದ್ಧದ ದಿನಗಳಲ್ಲಿ ಸೋವಿಯತ್ ಒಕ್ಕೂಟದ ಮೋಟಾರು ವಾಹನಗಳಲ್ಲಿ ಕಾಡುತ್ತಿದ್ದುದು ನಮ್ಮ ಸ್ಕೂಟರಿನ ತೊಂದರೆಯೇ. ಎಂಜಿನ್ನುಗಳ ಟಂಗ್‌ಸ್ಟನ್ ಪಾಯಿಂಟುಗಳು ಕಿಡಿಗೆ ಸಿಕ್ಕಿ ಸವೆಯುತ್ತಿದ್ದವು. ಈ ಸವೆತವನ್ನು ತಡೆಯುವ ದಾರಿ ಹುಡುಕುವ ಕೆಲಸ 1941ರಲ್ಲಿ ಮಾಸ್ಕೋದ ವಿಜ್ಞಾನಿ ದಂಪತಿ ಬೋರಿಸ್ ಲಜರೆಂಕೋ ಮತ್ತು ನತಾಲಿಯಾ ಲಜರೆಂಕೋ ಅವರ ಪಾಲಿಗೆ ಬಂತು. ಅವರು ಪಾಯಿಂಟುಗಳನ್ನು ಎಣ್ಣೆಯಲ್ಲಿ ಮುಳುಗಿಸಿ ನೋಡಿದರು. ಸವೆತ ನಿಲ್ಲಲಿಲ್ಲ. ಆದರೆ ಗಾಳಿಯಲ್ಲಿ ಅಡ್ಡಾದಿಡ್ಡಿಯಾಗಿದ್ದ ಕಿಡಿಗಳು ಎಣ್ಣೆಯೊಳಗೆ ಹೆಚ್ಚು ಕ್ರಮಬದ್ಧವಾಗಿ, ಒಂದೇ ತೆರನಾಗಿ ಹಾರುವುದು ಕಂಡಿತು.

ದಂಪತಿಗಳು ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಸವೆತವನ್ನು ನಿಲ್ಲಿಸಲಾಗದಿದ್ದರೆ ಬೇಕಾದ ಕಡೆ ಬೇಕಾದಷ್ಟು ಸವೆಯುವಂತೆ ಮಾಡಬಹುದಲ್ಲವೇ? 1943ರಲ್ಲಿ ಅವರ ಕಿಡಿಯಂತ್ರ ರೂಪುಗೊಂಡಿತು. 1946ರಲ್ಲಿ ಅವರಿಗೆ ಸ್ಟಾಲಿನ್ ಪ್ರಶಸ್ತಿಯೂ ಬಂತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಸ್ಟಾರ್ಕ್, ಹಾರ್ಡಿಂಗ್ ಮತ್ತು ಬೀವರ್ ಎಂಬ ಮೂವರು ಇನ್ನೊಂದು ಬಾಗಿಲಿನಿಂದ ಇದೇ ಕೋಣೆಗೆ ಬಂದಿದ್ದರು. ಅವರ ಕಷ್ಟವನ್ನು ಪೀಣ್ಯದ ಯಾವ ಕೆಲಸಗಾರನೂ ಅರ್ಥಮಾಡಿಕೊಳ್ಳಬಲ್ಲ. ತೂತಿನೊಳಗೆ ಥ್ರೆಡ್ ಹಾಕುವ ‘ಟ್ಯಾಪ್’ ಕೆಲಸದ ನಡುವೆ ಪಟ್ಟನೆ ಮುರಿದು ಒಳಗೇ ಸಿಕ್ಕಿಕೊಂಡರೆ ಗತಿಯೇನು? ಟ್ಯಾಪು ಅತಿ ಗಟ್ಟಿ ಉಕ್ಕು, ಡ್ರಿಲ್ ಹಿಡಿಯುವುದಿಲ್ಲ. ಹೊಡೆದು ತೆಗೆಯಲು ಹೋದರೆ ಬೆಲೆಬಾಳುವ ಭಾಗವೇ ಹಾಳು. ಆ ಮೂವರು ಮುರಿದ ಟ್ಯಾಪಿನ ನಡುಭಾಗವನ್ನು ಕಿಡಿಯಿಂದ ತಿನ್ನಿಸಿದರು. ನಡು ಹೋದ ಮೇಲೆ ಅಂಚಿನ ಚೂರುಗಳು ತಾವಾಗಿ ಕಳಚಿಕೊಂಡವು. ಮುರಿದ ಟ್ಯಾಪ್ ತೆಗೆಯಲು ವರ್ಕ್‌ಶಾಪುಗಳಲ್ಲಿ ಇಂದಿಗೂ ಇದೇ ಉಪಾಯ.

ನೂರು ವೋಲ್ಟಿನ ಸಿಡಿಲು

ಕಿಡಿ ಹೊತ್ತುವುದು ಹೇಗೆ? ಎಣ್ಣೆ ವಿದ್ಯುತ್ತಿಗೆ ದಾರಿ ಕೊಡದ ವಸ್ತು. ಅಂಥ ಎಣ್ಣೆಯನ್ನು ಸೀಳಿಕೊಂಡು ವಿದ್ಯುತ್ ಹರಿಯಬೇಕಾದರೆ ಭಾರೀ ಒತ್ತಡ ಬೇಕು. ಆದರೆ ಈ ಯಂತ್ರಗಳಲ್ಲಿ ಬಳಸುವುದು ಸಾಮಾನ್ಯವಾಗಿ ನೂರು, ಇನ್ನೂರು ವೋಲ್ಟುಗಳ ಆಸುಪಾಸು ಮಾತ್ರ.

ಗುಟ್ಟಿರುವುದು ಅಂತರದಲ್ಲಿ. ಎಲೆಕ್ಟ್ರೋಡಿಗೂ ಉಕ್ಕಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ತಲೆಗೂದಲನ್ನೂ ತೂರಿಸಲು ಅಲ್ಲಿ ಜಾಗ ಸಾಲದು. ಸಂದು 0.02 ಮಿಲಿಮೀಟರ್ ಇದ್ದು 100 ವೋಲ್ಟ್ ಕೊಟ್ಟರೆ ಲೆಕ್ಕದಲ್ಲಿ ಅದು ಮಿಲಿಮೀಟರಿಗೆ 5,000 ವೋಲ್ಟಿಗೆ ಸಮ. ಇಷ್ಟು ಒತ್ತಡದ ಮುಂದೆ ಎಣ್ಣೆಯ ಬಿಗಿ ಸಡಿಲುತ್ತದೆ.

ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈ ಸೂಕ್ಷ್ಮವಾಗಿ ಏರುತಗ್ಗಾಗಿಯೇ ಇರುತ್ತದೆ. ಎರಡೂ ಕಡೆಯ ದಿಬ್ಬಗಳು ಎಲ್ಲಿ ಅತಿ ಸಮೀಪವೋ ಅಲ್ಲಿ ಒತ್ತಡ ಹೆಚ್ಚು. ಎಣ್ಣೆಯಲ್ಲಿ ತೇಲುವ ಲೋಹದ, ಇಂಗಾಲದ ಕಣಗಳೂ ಅಲ್ಲಿಗೆ ಸೆಳೆಯಲ್ಪಟ್ಟು ಸಾಲುಗಟ್ಟಿ ಸೇತುವೆಯಂತಾಗುತ್ತವೆ. ಋಣ ಧ್ರುವದಿಂದ ಎಲೆಕ್ಟ್ರಾನುಗಳು ಹೊರಟು ಎಣ್ಣೆಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಪ್ರತಿ ಡಿಕ್ಕಿಯಿಂದ ಇನ್ನಷ್ಟು ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಅದೊಂದು ಪ್ರವಾಹವಾಗುತ್ತದೆ.

ಹೊಚ್ಚ ಹೊಸ ಶುದ್ಧ ಎಣ್ಣೆಯಲ್ಲಿ ಕಿಡಿ ಹೊತ್ತುವುದು ತುಸು ಕಷ್ಟವೆಂಬುದು ಇಲ್ಲಿನ ಸೋಜಿಗ. ಸ್ವಲ್ಪ ‘ಕೊಳೆ’ ಇದ್ದರೆ ಕಿಡಿಗೆ ದಾರಿ ಸಲೀಸು. ಕೊಳೆ ಹೆಚ್ಚಾದರೆ ಅನಾಹುತ. ಈ ಹದವನ್ನು ಕಾಯುವುದೇ ಆಪರೇಟರನ ನಿತ್ಯದ ಕೆಲಸ.

ಒತ್ತಡ ಕೊಟ್ಟ ಕ್ಷಣಕ್ಕೂ ಕಿಡಿ ಹೊತ್ತುವ ಕ್ಷಣಕ್ಕೂ ನಡುವೆ ಪುಟ್ಟದೊಂದು ವಿಳಂಬವಿರುತ್ತದೆ. ಅದು ಪ್ರತಿ ಸಲವೂ ಒಂದೇ ಸಮನಾಗಿರುವುದಿಲ್ಲ. ಹೊತ್ತಿದೊಡನೆ ಒತ್ತಡ 20–30 ವೋಲ್ಟಿಗೆ ಕುಸಿಯುತ್ತದೆ, ವಿದ್ಯುತ್ ಪ್ರವಾಹ ಜಿಗಿಯುತ್ತದೆ. ಎಣ್ಣೆಯೊಳಗೆ ಕೂದಲೆಳೆಯಂಥ ಒಂದು ನಾಳ ಏರ್ಪಟ್ಟು, ಅದರಲ್ಲಿ ಉಷ್ಣತೆ 8,000ದಿಂದ 12,000 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆಯೇ ಸುಮಾರು 5,500 ಡಿಗ್ರಿ! ನಾಳದ ಸುತ್ತ ಎಣ್ಣೆ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಸುತ್ತಲಿನ ಎಣ್ಣೆ ಆ ಗುಳ್ಳೆಯನ್ನು ಬೇಗ ಹಿಗ್ಗಲು ಬಿಡದೆ ಅದುಮಿ ಹಿಡಿಯುತ್ತದೆ. ಹೀಗಾಗಿ ಬಿಸಿಯೆಲ್ಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಗಾಳಿಗಿಂತ ಎಣ್ಣೆಯೇ ಮೇಲೆಂದು ಲಜರೆಂಕೋ ದಂಪತಿಗಳಿಗೆ ತೋರಿದ್ದರ ಹಿಂದೆ ಈ ಬಿಗಿಹಿಡಿತವೂ ಇದೆ.

ಆರುವುದೂ ಕೆಲಸವೇ

ಇಷ್ಟಾದರೂ ಲೋಹ ಇನ್ನೂ ಹೊರಬಿದ್ದಿಲ್ಲ. ಕಿಡಿ ಉರಿಯುತ್ತಿರುವಾಗ ಉಕ್ಕಿನ ಮೇಲೆ ಕರಗಿದ ಲೋಹದ ಒಂದು ಪುಟ್ಟ ಕೊಳ ನಿಂತಿರುತ್ತದೆ. ವಿದ್ಯುತ್ತನ್ನು ಕಡಿದೊಡನೆ ನಾಳ ಕುಸಿಯುತ್ತದೆ, ಒತ್ತಡ ಥಟ್ಟನೆ ಇಳಿಯುತ್ತದೆ. ಅಲ್ಲಿಯವರೆಗೆ ಅದುಮಿಟ್ಟಿದ್ದ ಕಾದ ಲೋಹ ಕುದಿದು ಸಿಡಿಯುತ್ತದೆ. ಸಿಡಿದ ಹನಿಗಳು ಎಣ್ಣೆಯಲ್ಲಿ ತಣಿದು ಸಾಸಿವೆಗಿಂತ ಎಷ್ಟೋ ಪಟ್ಟು ಸಣ್ಣ ಗುಂಡುಗಳಾಗುತ್ತವೆ. ಉಕ್ಕಿನ ಮೇಲೆ ಒಂದು ಕುಳಿ ಉಳಿಯುತ್ತದೆ. ಎಂದರೆ ಕಿಡಿ ತನ್ನ ಕೆಲಸದ ದೊಡ್ಡ ಪಾಲನ್ನು ಮುಗಿಸುವುದು ಸಾಯುವ ಗಳಿಗೆಯಲ್ಲಿ.

ಮುಂದಿನ ಕಿಡಿಗೆ ಮೊದಲು ಒಂದು ವಿರಾಮ ಬೇಕೇ ಬೇಕು. ಆ ಬಿಡುವಿನಲ್ಲಿ ಚೂರುಗಳು ಕೊಚ್ಚಿಹೋಗಬೇಕು, ವಿದ್ಯುದಾವೇಶಗೊಂಡ ಕಣಗಳು ಮತ್ತೆ ಕೂಡಿಕೊಂಡು ಎಣ್ಣೆ ಮೊದಲಿನ ತಡೆಗುಣವನ್ನು ಪಡೆಯಬೇಕು. ಆಗ ಹೊಸ ಕಿಡಿ ಹಳೆಯ ಕುಳಿಗೆ ಮರಳುವುದಿಲ್ಲ. ಅಲ್ಲಿ ಸಂದು ಆಗಲೇ ದೊಡ್ಡದಾಗಿದೆ. ಅದು ಈಗ ಅತಿ ಸಮೀಪವಿರುವ ಬೇರೊಂದು ದಿಬ್ಬವನ್ನು ಆರಿಸಿಕೊಳ್ಳುತ್ತದೆ. ಹೀಗೆ ಕಿಡಿ ಒಂದೊಂದೇ ದಿಬ್ಬವನ್ನು ಅಳಿಸುತ್ತ ಎಲೆಕ್ಟ್ರೋಡಿನ ಇಡೀ ಮೈಯ ಆಕಾರವನ್ನು ಉಕ್ಕಿಗೆ ಇಳಿಸುತ್ತದೆ. ಒಂದು ಸಲಕ್ಕೆ ಒಂದೇ ಕಿಡಿ. ಉರಿಯುವ ಕಾಲ 100 ಮೈಕ್ರೋಸೆಕೆಂಡ್, ಬಿಡುವು 50 ಮೈಕ್ರೋಸೆಕೆಂಡ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಆರು ಸಾವಿರಕ್ಕೂ ಹೆಚ್ಚು ಸಲ ಈ ಹುಟ್ಟು–ಸಾವು ನಡೆಯುತ್ತದೆ. ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಲಜರೆಂಕೋ ದಂಪತಿಗಳು ಇದನ್ನು ಸಾಧಿಸಿದ ಬಗೆ ಬಹಳ ಸರಳ. ಸರಿಯಾಗಿ ಮುಚ್ಚದ ನಲ್ಲಿಯ ತುದಿಯಲ್ಲಿ ಹನಿ ದಪ್ಪವಾಗುತ್ತ ಹೋಗಿ, ತನ್ನ ಭಾರ ತಾಳಲಾರದಾದಾಗ ಬೀಳುತ್ತದೆ. ಆಮೇಲೆ ಇನ್ನೊಂದು ಹನಿ ಕೂಡತೊಡಗುತ್ತದೆ. ಅವರ ಏರ್ಪಾಡಿನಲ್ಲಿ ಒಂದು ರೆಸಿಸ್ಟರ್ ಮೂಲಕ ಕೆಪಾಸಿಟರಿನಲ್ಲಿ ವಿದ್ಯುತ್ ನಿಧಾನವಾಗಿ ತುಂಬುತ್ತಿತ್ತು. ಒತ್ತಡ ಏರಿ ಎಣ್ಣೆ ತಡೆಯಲಾರದಾದಾಗ ಕೂಡಿಟ್ಟದ್ದೆಲ್ಲ ಒಮ್ಮೆಲೇ ಕಿಡಿಯಾಗಿ ಹಾರುತ್ತಿತ್ತು. ಕೆಪಾಸಿಟರ್ ಬರಿದಾದರೆ ಕಿಡಿ ತಾನೇ ಆರಿತು. ರೆಸಿಸ್ಟರಿನ ಬಿಗಿಯಿಂದಾಗಿ ಹೊಸ ವಿದ್ಯುತ್ ತಡವಾಗಿ ಬರುತ್ತಿದ್ದುದರಿಂದ ಎಣ್ಣೆಗೆ ಸುಧಾರಿಸಿಕೊಳ್ಳಲು ಬಿಡುವೂ ಸಿಕ್ಕಿತು. ಬಿಗಿ ಸಡಿಲಿಸಿ ಬೇಗ ತುಂಬಿಸಲು ಹೋದರೆ ಕಿಡಿ ಆರುತ್ತಲೇ ಇರಲಿಲ್ಲ. ಕೆಲಸ ನಿಧಾನ ಎಂಬುದು ಈ ವಿಧಾನದ ಕೊರತೆ. ಆದರೆ ಅತಿ ನಯವಾದ, ಅತಿ ಸಣ್ಣ ಕೆಲಸಗಳಿಗೆ ಇಂದಿಗೂ ಇದು ಬಳಕೆಯಲ್ಲಿದೆ.

1960ರ ದಶಕದಲ್ಲಿ ಟ್ರಾನ್ಸಿಸ್ಟರು ಬಂದ ಮೇಲೆ ಹಿಡಿತ ಮನುಷ್ಯನ ಕೈಗೆ ಬಂತು. ಎಷ್ಟು ಹೊತ್ತು ಉರಿಯಬೇಕು, ಎಷ್ಟು ಹೊತ್ತು ವಿರಾಮ, ಎಷ್ಟು ಆಂಪಿಯರ್ ಎಂಬುದನ್ನು ಬೇರೆಬೇರೆಯಾಗಿ ಗೊತ್ತುಪಡಿಸಬಹುದಾಯಿತು. ಮೊದಲು ಹೆಚ್ಚು ಆಂಪಿಯರಿನ, ಹೆಚ್ಚು ಹೊತ್ತು ಉರಿಯುವ ಕಿಡಿಗಳಿಂದ ಒರಟಾಗಿ ಕೊರೆದು, ಕೊನೆಗೆ ಸಣ್ಣ ಕಿಡಿಗಳಿಂದ ನಯಗೊಳಿಸುವ ಪದ್ಧತಿ ಬೆಳೆಯಿತು. ಕಿಡಿ ಎಲೆಕ್ಟ್ರೋಡನ್ನೂ ಒಂದಿಷ್ಟು ತಿನ್ನುತ್ತದೆ. ಆದರೆ ತಾಮ್ರ ಅಥವಾ ಗ್ರಾಫೈಟಿಗೆ ಧನ ಧ್ರುವ ಕೊಟ್ಟು ದೀರ್ಘ ಕಿಡಿಗಳನ್ನು ಬಳಸಿದರೆ, ಎಣ್ಣೆಯ ಇಂಗಾಲವೇ ಅದರ ಮೇಲೆ ತೆಳ್ಳಗೆ ಕೂತು ರಕ್ಷಾಕವಚವಾಗುತ್ತದೆ.

ಮುಟ್ಟಲೂ ಬಾರದು, ದೂರವೂ ಸಲ್ಲದು

ಕಿಡಿಗಳು ಉಕ್ಕನ್ನು ತಿಂದಂತೆಲ್ಲ ಸಂದು ಅಗಲವಾಗುತ್ತದೆ. ಎಲೆಕ್ಟ್ರೋಡನ್ನು ಇಳಿಸದಿದ್ದರೆ ಕಿಡಿ ನಿಲ್ಲುತ್ತದೆ, ಹೆಚ್ಚು ಇಳಿಸಿದರೆ ಉಕ್ಕಿಗೆ ತಾಗಿ ಶಾರ್ಟ್ ಆಗುತ್ತದೆ. ಮಿಲಿಮೀಟರಿನ ನೂರನೇ ಪಾಲಿನ ಈ ಅಂತರವನ್ನು ಕಣ್ಣಿನಿಂದ ಅಳೆಯುವಂತಿಲ್ಲ, ಎಣ್ಣೆಯೊಳಗೆ ಮಾಪಕ ಇಳಿಸುವಂತೆಯೂ ಇಲ್ಲ.

ಯಂತ್ರ ಅಂತರವನ್ನು ಅಳೆಯುವುದು ವೋಲ್ಟಿನಿಂದ. ಸಂದಿನ ಸರಾಸರಿ ಒತ್ತಡ ಹೆಚ್ಚಿದ್ದರೆ ಕಿಡಿಗಳು ಸರಿಯಾಗಿ ಹೊತ್ತುತ್ತಿಲ್ಲ, ಎಲೆಕ್ಟ್ರೋಡು ದೂರವಿದೆ ಎಂದರ್ಥ. ತಲೆ ಕೆಳಗಿಳಿಯುತ್ತದೆ. ಒತ್ತಡ ಸೊನ್ನೆಯ ಬಳಿಗೆ ಬಂದರೆ ಎಲ್ಲೋ ತಾಗಿದೆ ಎಂದರ್ಥ. ತಲೆ ತಟ್ಟನೆ ಮೇಲೇಳುತ್ತದೆ. ಈ ಏರಿಳಿತವನ್ನು ನೋಡಿಕೊಳ್ಳುವ ವ್ಯವಸ್ಥೆಗೆ ‘ಸರ್ವೋ’ ಎನ್ನುತ್ತಾರೆ. ಹಳೆಯ ಯಂತ್ರಗಳಲ್ಲಿ ಎಣ್ಣೆಯ ಒತ್ತಡದಿಂದ ನಡೆಯುತ್ತಿದ್ದ ಇದು ನಂತರ ವಿದ್ಯುತ್ ಮೋಟಾರಿಗೆ ಬದಲಾಯಿತು. ಕೆಲಸ ಮಾತ್ರ ಅದೇ: ಮುಟ್ಟದಂತೆ ಬೆನ್ನುಹತ್ತುವುದು.

ಪಳಗಿದ ಆಪರೇಟರ್ ಮೀಟರಿನ ಮುಳ್ಳನ್ನು ನೋಡುವ ಮೊದಲೇ ಕಿವಿಗೊಡುತ್ತಾನೆ. ಕಿಡಿ ಸರಿಯಾಗಿದ್ದರೆ ಒಗ್ಗರಣೆಯ ಸಾಸಿವೆಯಂತೆ ಸಮನಾದ ಚಟಚಟ ಸದ್ದು. ಅದು ತಡವರಿಸಿದರೆ ಏನೋ ಕೆಟ್ಟಿತೆಂದೇ ಲೆಕ್ಕ.

ಆರದ ಕಿಡಿಯ ಅನಾಹುತ

ಕೆಡುವುದೆಂದರೆ ಏನು? ಆಳವಾದ ಕುಳಿಯ ತಳದಲ್ಲಿ ಚೂರುಗಳು ಹೊರಹೋಗದೆ ಉಳಿದರೆ ಎಣ್ಣೆ ಚೇತರಿಸಿಕೊಳ್ಳುವುದಿಲ್ಲ. ಹೊಸ ಕಿಡಿಗೆ ಹೊಸ ದಾರಿ ಹುಡುಕುವ ಶ್ರಮವೇ ಬೇಡ, ಹಳೆಯ ದಾರಿ ತೆರೆದೇ ಇದೆ. ಅದು ಮತ್ತೆ ಮತ್ತೆ ಅದೇ ಜಾಗಕ್ಕೆ ಬೀಳುತ್ತದೆ. ಬೆಂದ ಎಣ್ಣೆಯ ಇಂಗಾಲ ಅಲ್ಲೇ ಕರಿಗಟ್ಟಿ ದಾರಿಯನ್ನು ಇನ್ನಷ್ಟು ಸಲೀಸು ಮಾಡುತ್ತದೆ. ಈಗ ಅದು ಕಿಡಿಯಲ್ಲ, ವೆಲ್ಡಿಂಗಿನಲ್ಲಿ ಕಾಣುವಂಥ ‘ಆರ್ಕ್’. ವಾರಗಟ್ಟಲೆ ಮಿಲ್ಲಿಂಗ್, ಗ್ರೈಂಡಿಂಗ್, ಹದ ಎಲ್ಲ ಮುಗಿಸಿಕೊಂಡು ಕೊನೆಯ ಹಂತಕ್ಕೆ ಬಂದ ಅಚ್ಚಿನ ಮೇಲೆ ಕಪ್ಪು ಗಾಯ ಬೀಳಲು ಕ್ಷಣಗಳು ಸಾಕು. ಉಜ್ಜಿದರೆ ಹೋಗುವ ಗಾಯವಲ್ಲ ಅದು. ತುಂಬಿಸಿ ಮತ್ತೆ ಕೊರೆಯಬೇಕು, ಇಲ್ಲವೇ ಅಚ್ಚನ್ನೇ ಬದಿಗಿಡಬೇಕು.

ಅದಕ್ಕೇ ಯಂತ್ರ ಕಿಡಿ ಹೊತ್ತುವ ಮುನ್ನಿನ ಆ ಪುಟ್ಟ ವಿಳಂಬದ ಮೇಲೂ ಕಣ್ಣಿಡುತ್ತದೆ. ವಿಳಂಬವಿದ್ದರೆ ಎಣ್ಣೆ ತಡೆಯೊಡ್ಡುತ್ತಿದೆ, ಎಲ್ಲ ಕ್ಷೇಮ. ಒತ್ತಡ ಕೊಟ್ಟ ಕೂಡಲೇ ವಿಳಂಬವಿಲ್ಲದೆ ಕಿಡಿ ಹೊತ್ತತೊಡಗಿದರೆ ಅದು ಅಪಾಯದ ಮುನ್ಸೂಚನೆ. ಆಗ ವಿರಾಮದ ಕಾಲ ಹೆಚ್ಚಿಸಬೇಕು, ಎಲೆಕ್ಟ್ರೋಡನ್ನು ಆಗಾಗ ಎತ್ತಿ ಇಳಿಸಿ ಎಣ್ಣೆ ಒಳನುಗ್ಗುವಂತೆ ಮಾಡಬೇಕು, ಪಂಪಿನಿಂದ ಎಣ್ಣೆ ಹಾಯಿಸಿ ಚೂರುಗಳನ್ನು ತೊಳೆಯಬೇಕು. ಈ ಕೆಲಸವನ್ನು ಹೊಸ ಯಂತ್ರಗಳು ತಾವೇ ಮಾಡಿಕೊಳ್ಳುತ್ತವೆ. ಬೇಗ ಮುಗಿಸುವ ಆಸೆಯಿಂದ ವಿರಾಮವನ್ನು ಅತಿಯಾಗಿ ಕಡಿತ ಮಾಡಿದವನು ಕೊನೆಗೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬುದು ಟೂಲ್ ರೂಮಿನ ಮೊದಲ ಪಾಠ.

ಎಲ್ಲ ಸರಿಯಾಗಿ ನಡೆದರೂ ಒಂದು ಎಚ್ಚರ ಉಳಿದೇ ಇರುತ್ತದೆ. ಕರಗಿದ ಲೋಹವೆಲ್ಲ ಸಿಡಿದು ಹೋಗುವುದಿಲ್ಲ. ಒಂದು ಪಾಲು ಕುಳಿಯಲ್ಲೇ ಹೆಪ್ಪುಗಟ್ಟಿ ಗಡುಸಾದ, ಬಿರುಕು ಬಿಡುವ ತೆಳುಪದರವಾಗುತ್ತದೆ. ಬಡಿತ ತಿನ್ನುವ ಅಚ್ಚುಗಳಲ್ಲಿ, ವಿಮಾನದ ಎಂಜಿನ್ ಭಾಗಗಳಲ್ಲಿ ಇದನ್ನು ತೆಗೆಯದೆ ಬಿಟ್ಟರೆ ಕೂದಲೆಳೆಯ ಬಿರುಕು ಮುಂದೆ ಬೆಳೆದೀತು. ಇನ್ನೊಂದು ಎಚ್ಚರ ಬೆಂಕಿಯದು. ಕಿಡಿ ಎಣ್ಣೆಯ ಆಳದಲ್ಲಿ ಹಾರಬೇಕೇ ಹೊರತು ಮೇಲ್ಮೈಯಲ್ಲಿ ಅಲ್ಲ. ಎಣ್ಣೆಯ ಮಟ್ಟ ಇಳಿದರೆ ವಿದ್ಯುತ್ ಕಡಿಯುವ ಸ್ವಿಚ್ಚು ತೊಟ್ಟಿಯಲ್ಲಿರುವುದು ಇದಕ್ಕಾಗಿಯೇ. ರಾತ್ರಿ ಪಾಳಿಯಲ್ಲಿ ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಹೋಗುವ ಕಡೆ ಆ ಸ್ವಿಚ್ಚು ಕೆಟ್ಟಿರುವುದು ಆಟದ ಮಾತಲ್ಲ.

ತಂತಿಯ ಗರಗಸ

ಸ್ವಿಟ್ಜರ್ಲೆಂಡಿನ ಏಜಿ ಕಂಪನಿ 1969ರಲ್ಲಿ ಇದೇ ಕಿಡಿಗೆ ಇನ್ನೊಂದು ವೇಷ ತೊಡಿಸಿತು. ಆಕಾರದ ಎಲೆಕ್ಟ್ರೋಡಿನ ಬದಲು ತೆಳ್ಳನೆಯ ತಂತಿ, ಅಂಕಿಗಳ ಆಜ್ಞೆಯಂತೆ ನಡೆಯುವ ಮೇಜು. ಇದೇ ‘ವೈರ್ ಕಟ್’. ಸಾಮಾನ್ಯವಾಗಿ ಕಾಲು ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಸುರುಳಿಯಿಂದ ಸುರುಳಿಗೆ ಹರಿಯುತ್ತ ದಪ್ಪ ಉಕ್ಕನ್ನು ಗರಗಸದಂತೆ ಸೀಳುತ್ತದೆ. ಆದರೆ ಇಲ್ಲಿಯೂ ತಂತಿ ಉಕ್ಕನ್ನು ಮುಟ್ಟುವುದಿಲ್ಲ. ಸವೆದ ತಂತಿ ಮುಂದೆ ಹೋಗಿ ಹೊಸ ತಂತಿ ಬರುತ್ತಲೇ ಇರುವುದರಿಂದ ಸವೆತದ ಚಿಂತೆಯಿಲ್ಲ. ಎಣ್ಣೆಯ ಜಾಗದಲ್ಲಿ ಹೆಚ್ಚಾಗಿ ಲವಣಾಂಶ ತೆಗೆದ ನೀರನ್ನು ಬಳಸುತ್ತಾರೆ. ನಲ್ಲಿ ನೀರು ಆಗದು. ಅದರಲ್ಲಿನ ಲವಣಗಳಿಂದಾಗಿ ವಿದ್ಯುತ್ ಸುಮ್ಮನೆ ಸೋರಿಹೋಗುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಹರಡಿದ ಕೇಂದ್ರಗಳಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಮುಖ್ಯವಾದುದು. ಅದರ ಶಾಖೆಗಳು ಈಗ ರಾಜ್ಯದ ಹಲವು ಊರುಗಳಲ್ಲಿವೆ. ಹಳ್ಳಿಗಳಿಂದ ಬಂದ ಎಷ್ಟೋ ಹುಡುಗರು ಅರ ಹಿಡಿದು ಲೋಹ ಉಜ್ಜುವುದರಿಂದ ತೊಡಗಿ ಕಿಡಿಯ ಯಂತ್ರದವರೆಗೆ ಪಳಗುವುದು ಇಂಥ ಟೂಲ್ ರೂಮುಗಳಲ್ಲಿಯೇ.

ಯಂತ್ರದ ಮುಂದೆ ನಿಂತ ಹೊಸಬನಿಗೆ ಮೊದಲು ಕಾಣುವುದು ಎಣ್ಣೆಯೊಳಗಿನ ನೀಲಿ ಬೆಳಕು. ಅವನು ಅದನ್ನೇ ನೋಡುತ್ತಾನೆ, ಇನ್ನಷ್ಟು ಜೋರಾಗಲಿ ಎಂದುಕೊಳ್ಳುತ್ತಾನೆ. ಕೆಲಸ ಕಲಿತವನ ಗಮನವಿರುವುದು ಎರಡು ಕಿಡಿಗಳ ನಡುವಿನ, ಕಣ್ಣಿಗೆ ಕಾಣದ ಆ ಕತ್ತಲೆಯ ಮೇಲೆ. ಅದು ಸರಿಯಾಗಿದ್ದರೆ ಬೆಳಕಿನ ಕೆಲಸ ತಾನಾಗಿ ನಡೆಯುತ್ತದೆ ಎಂಬುದು ಅವನಿಗೆ ಗೊತ್ತು.